ಹಾಜಿರಾ ಬೀ ಕೊರೆದ ಕುರಿ

ಪೀರ್ ಪಾಷಾನಿಗೆ ನೆಟ್ಟಗೆ ಒಂದು ಗೆರೆ ಎಳೆಯಲು ಬರುತ್ತಿರಲಿಲ್ಲ. ಆದರೂ ಮದ್ದೂರಿನಿಂದ ಮಳವಳ್ಳಿಯವರೆಗೆ ಅಂಗಡಿಯ ಬೋರ್ಡು, ಸೋಡಾ ಬಾಟಲಿಗೆ ಅಂಟಿಸುವ ಚೀಟಿ, ಊದಿನಕಡ್ಡಿ ಪೊಟ್ಟಣದ ಚಿತ್ರ, ಏನು ಬೇಕಾದರೂ ಜನ ಅವನನ್ನೇ ಹುಡುಕಿಕೊಂಡು ಬರುತ್ತಿದ್ದರು. ಮದ್ದೂರು ರೈಲ್ವೆ ಸ್ಟೇಷನ್ನಿನ ಹಿಂದಿನ ಬೀದಿಯಲ್ಲಿ ಅವನ ಮನೆ. ಆ ಮನೆಯ ಒಳಕೋಣೆಯಲ್ಲಿ ಕೂತು ಚಿತ್ರ ಬರೆಯುತ್ತಿದ್ದವಳು, ಅದನ್ನು ಮರದ ಅಚ್ಚಿನಲ್ಲಿ ಕೊರೆಯುತ್ತಿದ್ದವಳು ಅವನ ಹೆಂಡತಿ ಹಾಜಿರಾ ಬೀ.

ಹಾಜಿರಾ ಚನ್ನಪಟ್ಟಣದ ಬೊಂಬೆ ಕೆಲಸದವರ ಮಗಳು. ಉಳಿ ಹಿಡಿಯುವುದನ್ನು ಅಪ್ಪನ ಪಕ್ಕದಲ್ಲಿ ಕೂತು ಕಲಿತವಳು. ಮದುವೆಯಾದ ಮೇಲೆ ಆ ಕೆಲಸ ಗಂಡನ ಹೆಸರಿನಲ್ಲಿ ನಡೆಯಿತು. ಅದನ್ನು ಇಬ್ಬರೂ ಮೋಸ ಎಂದುಕೊಂಡಿರಲಿಲ್ಲ. ಅವಳು ಗೋಷಾದೊಳಗಿನ ಹೆಂಗಸು, ಅಂಗಡಿ ಅಂಗಡಿ ತಿರುಗುವಂತಿರಲಿಲ್ಲ. ಅವನಿಗೆ ತಿರುಗುವುದೇ ಒಂದು ವಿದ್ಯೆ. ಯಾವ ಸಾಹುಕಾರನ ಮಗಳಿಗೆ ಮದುವೆ ಗೊತ್ತಾಗಿದೆ, ಯಾರ ತಾಯಿಗೆ ಮಂಡಿನೋವು, ಎಲ್ಲವೂ ಅವನಿಗೆ ಗೊತ್ತು. ಕೆಲಸ ಒಪ್ಪಿಸಿ ಸುಮ್ಮನೆ ಎದ್ದು ಬರುವವನಲ್ಲ. ಹದಿನೈದು ದಿನ ಬಿಟ್ಟು ಮತ್ತೆ ಹೋಗಿ, ಬಣ್ಣ ಮಾಸಿತೇ, ಗಿರಾಕಿ ಏನಂದರು ಎಂದು ಕೇಳಿಕೊಂಡು ಬರುತ್ತಿದ್ದ. ಮನೆಗೆ ಬಂದು ಒಂದು ಮಾತೂ ಬಿಡದೆ ಹೆಂಡತಿಗೆ ಒಪ್ಪಿಸುತ್ತಿದ್ದ. ಅವರಿಗೆ ಮಕ್ಕಳಿರಲಿಲ್ಲ. ಸಂಜೆಯ ಹೊತ್ತು ಅವರ ಮಾತೆಲ್ಲ ಇಂಥದ್ದೇ.

ಸಾವಿರದ ಒಂಬೈನೂರ ಮೂವತ್ತೆಂಟರಲ್ಲಿ ಮಂಡ್ಯದ ಸಿದ್ದರಾಮು ಪಾಷಾನನ್ನು ಕರೆಸಿದ. ಸಿದ್ದರಾಮು ಆಗ ಪೇಟೆಯಲ್ಲಿ ಒಂದು ಸಣ್ಣ ಬೀಡಿ ಅಂಗಡಿ ಇಟ್ಟಿದ್ದ. ಅವನ ಬೀಡಿ ಒಳ್ಳೆಯದೇ, ಹೊಗೆಸೊಪ್ಪು ಘಮ್ಮೆನ್ನುವಂಥದ್ದು. ಕಟ್ಟಿನ ಮೇಲೆ ಅವನ ಹೆಸರನ್ನೂ ಅಪ್ಪನ ಹೆಸರನ್ನೂ ಊರನ್ನೂ ಒತ್ತೊತ್ತಾಗಿ ಅಚ್ಚು ಹಾಕಿಸಿದ್ದ. ಆದರೂ ಸರಕು ಅಂಗಡಿಯಲ್ಲೇ ಒಣಗುತ್ತಿತ್ತು. ಪಾಷಾ ಆ ಕಟ್ಟೊಂದನ್ನು ಮನೆಗೆ ತಂದು ತೋರಿಸಿದಾಗ ಹಾಜಿರಾ, ಇದನ್ನು ಸೇದುವವರು ಯಾರು ಎಂದು ಕೇಳಿದಳು. ಕಬ್ಬು ಕಡಿಯುವವರು, ಸಕ್ಕರೆ ಕಾರ್ಖಾನೆಯ ಕೂಲಿಗಳು, ಗಾಡಿ ಹೊಡೆಯುವವರು ಎಂದ ಪಾಷಾ. ಅವರಲ್ಲಿ ಓದು ಬರುವವರು ಎಷ್ಟು ಮಂದಿ ಎಂದು ಅವಳು ಮತ್ತೆ ಕೇಳಿದಳು. ಪಾಷಾ ನಕ್ಕುಬಿಟ್ಟ.

ಮಳವಳ್ಳಿ ಕಡೆಯ ಕೂಲಿಗಳೇ ಹೆಚ್ಚು ಎಂದು ತಿಳಿದು, ಅವರು ಕಂಡ ಕೂಡಲೇ ನಮ್ಮದು ಎನ್ನುವಂಥ ಚಿತ್ರ ಬೇಕೆಂದು ಅವಳು ಬಂಡೂರು ಕುರಿ ಬರೆಯಲು ಹೊರಟಳು. ನೋಡದೆ ಬರೆಯುವುದಿಲ್ಲ ಎಂದು ಹಟ ಹಿಡಿದಳು. ಪಾಷಾ ಬಂಡೂರಿಗೆ ಹೋಗಿ ಮಾಯಮ್ಮ ಎನ್ನುವ ಹೆಂಗಸಿನ ಮನೆಯಿಂದ ಒಂದು ಟಗರನ್ನು ಗಾಡಿಯಲ್ಲಿ ತಂದ. ಸಾಬರ ಮನೆಗೆ ಹೋದ ಟಗರು ತಿರುಗಿ ಬರುತ್ತದೆಂಬ ನಂಬಿಕೆ ಮಾಯಮ್ಮನಿಗೆ ಇರಲಿಲ್ಲ. ತಾನೂ ಗಾಡಿ ಹತ್ತಿ ಬಂದು ಎರಡು ದಿನ ಹಿತ್ತಲಲ್ಲಿ ಟಗರಿನ ಹಗ್ಗ ಹಿಡಿದು ಕೂತಿದ್ದಳು. ಹಾಜಿರಾ ಅದರ ಗಿಡ್ಡ ಕಾಲು, ಉರುಟು ಮೈ, ಕೊಂಬಿಲ್ಲದ ತಲೆ, ಎಲ್ಲವನ್ನೂ ಮುಟ್ಟಿ ಮುಟ್ಟಿ ನೋಡಿ ಬರೆದಳು. ಎರಡನೆಯ ದಿನದ ಹೊತ್ತಿಗೆ ಹೆಂಗಸರಿಬ್ಬರೂ ಒಂದೇ ತಟ್ಟೆಯ ಕಡಲೆಕಾಯಿ ಸುಲಿದು ತಿನ್ನುತ್ತಿದ್ದರು. ಆಮೇಲೆ ಪ್ರತಿವರ್ಷ ಕಂಬಳಿ ಮಾರಲು ಬಂದಾಗ ಮಾಯಮ್ಮ ಆ ಮನೆಗೆ ಬಾರದೆ ಹೋಗುತ್ತಿರಲಿಲ್ಲ.

ಕೆಂಪು ನೆಲದ ಮೇಲೆ ಬಿಳಿಯ ಕುರಿ. ಎದುರಿಗೆ ನಿಂತು ನೋಡುವವರನ್ನೇ ನೋಡುತ್ತಿದೆ. ಕೆಳಗೆ ಸಿದ್ದರಾಮುವಿನ ಹೆಸರು ಚಿಕ್ಕದಾಗಿ. ಆ ಚೀಟಿ ಅಂಟಿಸಿದ ಮೊದಲ ಕಟ್ಟುಗಳು ಹನಕೆರೆ, ಮದ್ದೂರು ಸಂತೆಗಳಲ್ಲಿ ಮಧ್ಯಾಹ್ನದೊಳಗೆ ಖಾಲಿಯಾದವು. ಬೀಡಿ ಅದೇ, ಸೊಪ್ಪು ಅದೇ. ಜನ 'ಕುರಿ ಬೀಡಿ ಕೊಡು' ಎಂದು ಬಾಯಿಬಿಟ್ಟು ಕೇಳತೊಡಗಿದರು. ಮೂರು ವರ್ಷದಲ್ಲಿ ಸಿದ್ದರಾಮು ಮಹಡಿ ಮನೆ ಕಟ್ಟಿಸಿದ. ಮದ್ದೂರಿನ ನಲವತ್ತು ಮನೆಗಳ ಹೆಂಗಸರು ಅವನಿಗೆ ಬೀಡಿ ಸುತ್ತುತ್ತಿದ್ದರು. ಹಾಜಿರಾಳ ಪಕ್ಕದ ಮನೆಯ ಬಿಬಿ ಜಾನ್ ಅವರಲ್ಲಿ ಒಬ್ಬಳು. ಗಂಡ ಬಿಟ್ಟುಹೋದ ಮೇಲೆ ನಾಲ್ಕು ಮಕ್ಕಳನ್ನು ಆ ಬೀಡಿಯಲ್ಲೇ ಸಾಕುತ್ತಿದ್ದಳು. ಸಿದ್ದರಾಮು ಮಾತ್ರ, ಕುರಿ ತನ್ನ ಕನಸಿನಲ್ಲಿ ಬಂತು, ತಾನು ಹೇಳಿದಂತೆ ಪಾಷಾ ಬರೆದುಕೊಟ್ಟ ಎಂದು ಎಲ್ಲರಿಗೂ ಹೇಳಿಕೊಂಡು ತಿರುಗುತ್ತಿದ್ದ. ಪಾಷಾ ಅದಕ್ಕೂ ತಲೆಯಾಡಿಸಿ ನಗುತ್ತಿದ್ದ. ಗಿರಾಕಿಯ ಕನಸನ್ನು ಕಿತ್ತುಕೊಂಡು ನಮಗೇನು ಆಗಬೇಕು ಎಂದು ಹೆಂಡತಿಗೆ ಹೇಳುತ್ತಿದ್ದ.

ನಲವತ್ಮೂರರಲ್ಲಿ ಚಳಿಜ್ವರ ಬಂದು ಪಾಷಾ ಒಂಬತ್ತು ದಿನದಲ್ಲಿ ತೀರಿಕೊಂಡ.

ವಿಧವೆ ಮನೆಯೊಳಗೇ ಇರಬೇಕಾದ ನಾಲ್ಕು ತಿಂಗಳು ಹತ್ತು ದಿನದ ಇದ್ದತ್ ಕಳೆಯುವವರೆಗೆ ಹಾಜಿರಾ ಹೊಸ್ತಿಲು ದಾಟಲಿಲ್ಲ. ಆಮೇಲೆ ಬುರ್ಖಾ ಹಾಕಿಕೊಂಡು, ಬಿಬಿ ಜಾನ್‌ಳನ್ನು ಜೊತೆಗೆ ಕರೆದುಕೊಂಡು, ರೈಲು ಹತ್ತಿ ಮಂಡ್ಯಕ್ಕೆ ಹೋದಳು. ಕುರಿಯ ಅಚ್ಚು ಸವೆದಿತ್ತು, ಹೊಸದು ಕೊರೆಯುವ ಕಾಲ ಬಂದಿತ್ತು. ಇಷ್ಟು ದಿನ ಬರೆದದ್ದು ತಾನೇ, ಮುಂದೆಯೂ ಬರೆದುಕೊಡುತ್ತೇನೆ ಎಂದು ಹೇಳುವುದು ಅವಳ ಮನಸ್ಸಿನಲ್ಲಿತ್ತು. ಅಂಗಡಿಯಲ್ಲಿ ಹತ್ತು ಹನ್ನೆರಡು ಜನ ಕೂತಿದ್ದರು. ಅವಳು ಹೇಳಿದ್ದನ್ನು ಕೇಳಿ ಸಿದ್ದರಾಮು ಸುತ್ತ ಇದ್ದವರ ಮುಖ ನೋಡಿದ. ಕನಸಿನ ಕತೆಯನ್ನು ಅವರೆಲ್ಲ ನೂರು ಸಲ ಕೇಳಿದ್ದವರು.

"ನೀನಾ ಬರ್ದಿದ್ದು?" ಎಂದ. "ಅಂಗಾರೆ ಇಲ್ಲೇ ಬರಿ, ನೋಡನ."

ಗುಮಾಸ್ತ ಒಂದು ಇದ್ದಿಲ ಚೂರು ತಂದುಕೊಟ್ಟ. ಹಾಜಿರಾ ನೆಲದ ಮೇಲೆ ಕೂತಳು. ಬುರ್ಖಾದ ಜಾಲಿಯೊಳಗಿಂದ ನೆಲ ಸರಿಯಾಗಿ ಕಾಣುತ್ತಿರಲಿಲ್ಲ. ಅವಳ ಕೈ ತಡವರಿಸಿದ್ದು ಸಿದ್ದರಾಮುವಿನ ಕಣ್ಣಿಗೆ ಬಿತ್ತು.

"ಮುಸುಕ್ ಆಕ್ಕಂಡು ಎಂಗ್ ಬರ್ದೀಯೆ? ತಗಿ ಅದ."

ಬಿಬಿ ಜಾನ್ ಅವಳ ಭುಜ ಹಿಡಿದು ಎಬ್ಬಿಸಲು ನೋಡಿದಳು. ಹಾಜಿರಾ ಏಳಲಿಲ್ಲ. ಹೊರಗಿನ ಗಂಡಸರಾರೂ ನೋಡದ ಮುಖದ ಮೇಲಿನ ಮುಸುಕನ್ನು ಎರಡು ಕೈಯಲ್ಲೂ ಹಿಂದಕ್ಕೆ ಎಸೆದು, ತಲೆ ತಗ್ಗಿಸಿ ಬರೆದಳು. ಹನ್ನೆರಡು ಗಂಡಸರು ಮೊದಲು ಅವಳ ಮುಖ ನೋಡಿದರು. ಆಮೇಲೆ ನೆಲ ನೋಡಿದರು. ಇದ್ದಿಲಿನ ಕುರಿ ಎದ್ದು ನಿಂತಿತ್ತು. ಸಿದ್ದರಾಮು ಗದ್ದಿಗೆಯಿಂದ ಇಳಿದು ಬಂದು, ಆ ಕುರಿಯ ಮೇಲೆ ಕಾಲಿಟ್ಟು ಒರೆಸಿದ.

"ಗಂಡ ಕಲಿಸವ್ನೆ, ಗಿಣಿ ಪಾಠ. ನಾಟಕದೋರು ಇದ್ಕಿಂತ ಚೆಂದಾಗ್ ಬರೀತಾರೆ. ಓಗವ್ವ, ಓಗು."

ಜನ ನಕ್ಕರು. ನಕ್ಕವರಲ್ಲಿ ಪಾಷಾನ ಕೈಯಿಂದ ಬೋರ್ಡು ಬರೆಸಿಕೊಂಡವರೂ ಇದ್ದರು. ಮದ್ದೂರಿಗೆ ಬರುವ ರೈಲಿನಲ್ಲಿ ಬಿಬಿ ಜಾನ್ ಒಬ್ಬಳೇ ದಾರಿಯುದ್ದಕ್ಕೂ ಅತ್ತಳು.

ಅವಳ ಕೆಲಸ ಗುರುತಿಸಿದವನು ಮಳವಳ್ಳಿಯ ಚಿಕ್ಕಬೋರಯ್ಯ. ಅವನೂ ಬೀಡಿ ವ್ಯಾಪಾರದವನೇ, ಸಿದ್ದರಾಮುವಿಗಿಂತ ಸಣ್ಣವನು. ಅಂದು ಅಂಗಡಿಯಲ್ಲಿ ಕೂತಿದ್ದ ಒಬ್ಬನಿಂದ ಸುದ್ದಿ ಕೇಳಿ, ಎಲೆ ಅಡಿಕೆ, ಹಣ್ಣು ಹಿಡಿದುಕೊಂಡು ಮದ್ದೂರಿಗೆ ಬಂದ. ಜಗಲಿಯ ಮೇಲೆ ಬೀದಿಗೆ ಮುಖ ಮಾಡಿ ಕೂತ. ಹಾಜಿರಾ ಬಾಗಿಲ ಮರೆಯಲ್ಲಿ ನಿಂತು ಮಾತಾಡಿದಳು. ಪಾಷಾ ಇದ್ದಾಗ ಹೇಗೆ ನಡೆಯುತ್ತಿತ್ತೋ ಹಾಗೇ ನಡೆಯಲಿ, ನಾನೇ ಬಂದು ಹೋಗುತ್ತೇನೆ, ನೀವು ಎಲ್ಲಿಗೂ ಬರುವುದು ಬೇಡ ಎಂದ. ತನ್ನ ಗಿರಾಕಿಗಳು ಎಂಥವರು, ಯಾವ ಊರವರು ಎಂಬುದನ್ನೆಲ್ಲ ಅವಳು ಕೇಳಿದಷ್ಟೂ ಹೇಳಿದ. ಅವಳು ಹಸಿರು ಗಿಣಿಯ ಚೀಟಿ ಮಾಡಿಕೊಟ್ಟಳು. ಮೊದಲ ಸಲ ಅಚ್ಚಾಗಿ ಬಂದದ್ದನ್ನು ಚಿಕ್ಕಬೋರಯ್ಯ ಅಂಗಡಿಗೂ ಕೊಡದೆ ಮೊದಲು ಅವಳ ಬಾಗಿಲಿಗೆ ತಂದ. ಹಸಿರು ಕಪ್ಪಿಟ್ಟಿದೆ ಎಂದು ಅವಳು ಹೇಳಿದ್ದಕ್ಕೆ ಇಡೀ ಗಂಟನ್ನೇ ಪ್ರೆಸ್ಸಿಗೆ ವಾಪಸು ಕಳಿಸಿದ. ಗಿಣಿ ಬೀಡಿ ಮಳವಳ್ಳಿಯಲ್ಲಿ ಬೇರು ಬಿಟ್ಟಿತು.

ಇತ್ತ ಸಿದ್ದರಾಮು ಕುರಿಯ ಹೊಸ ಅಚ್ಚನ್ನು ಬೇರೆ ಊರಿನ ಒಬ್ಬ ಪ್ರೆಸ್ಸಿನವನ ಕೈಲಿ ಅಗ್ಗವಾಗಿ ಮಾಡಿಸಿದ. ಆ ಪುಣ್ಯಾತ್ಮ ಬಂಡೂರನ್ನು ನೋಡಿದವನಲ್ಲ. ಕುರಿ ಇನ್ನೂ ಜೋರಾಗಿ ಕಾಣಲಿ ಎಂದು ಎರಡು ಸುರುಳಿ ಕೊಂಬು ಸೇರಿಸಿದ. ಸಂತೆಯಲ್ಲಿ ಜನ ಕಟ್ಟನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡಿದರು. ಬಂಡೂರು ಕುರಿಗೆ ಕೊಂಬು ಎಲ್ಲಿಂದ ಬಂತು, ಇದು ಯಾರೋ ಕಳ್ಳರು ಮಾಡಿದ ನಕಲಿ ಮಾಲು ಎಂದು ಕೆಳಗಿಟ್ಟರು. ಸಿದ್ದರಾಮು ತಾನೇ ಸಂತೆಗೆ ಹೋಗಿ ಅಸಲಿ ಎಂದು ಆಣೆ ಮಾಡಿದರೂ ನಂಬಲಿಲ್ಲ. ಆರು ತಿಂಗಳಲ್ಲಿ ವ್ಯಾಪಾರ ಅರ್ಧಕ್ಕಿಳಿಯಿತು. ಸುತ್ತುವ ಹೆಂಗಸರಿಗೆ ವಾರದಲ್ಲಿ ಮೂರು ದಿನ ಬೀಡಿ ಎಲೆ ಕೊಡುವುದು ನಿಂತಿತು.

ನಲವತ್ತೈದರ ಮೊದಲಲ್ಲಿ ಸಿದ್ದರಾಮು ಹೆಂಡತಿಯನ್ನು ಕರೆದುಕೊಂಡು ಹಾಜಿರಾಳ ಮನೆಗೆ ಬಂದ. ಕೂತುಕೋ ಎನ್ನುವವರೆಗೆ ಜಗಲಿ ಹತ್ತಲಿಲ್ಲ. ಅವನ ಹೆಂಡತಿ ಒಳಗೆ ಹೋಗಿ ಹಾಜಿರಾಳ ಎರಡೂ ಕೈ ಹಿಡಿದುಕೊಂಡಳು. ಅಂದು ಅಂಗಡಿಯಲ್ಲಿ ನಡೆದದ್ದು ತನಗೆ ಆಮೇಲೆ ತಿಳಿಯಿತು, ತಾನು ಗಂಡನ ಜೊತೆ ಎಷ್ಟೋ ದಿನ ಮಾತು ಬಿಟ್ಟಿದ್ದೆ ಎಂದಳು. ಸಿದ್ದರಾಮು ಹೊರಗಿನಿಂದಲೇ ಹೇಳಿದ.

"ನಂದು ತಪ್ಪಾಯ್ತು ಕಣ್ ತಾಯಿ. ದೊಡ್ ತಪ್ಪು. ನೀವು ಏನ್ ಅಂದ್ರೂ ಕೇಳ್ತೀನಿ."

ಹಾಜಿರಾ ಒಂದೇ ಒಂದು ಮಾತು ಕೇಳಿದಳು. ಅದೇ ಅಂಗಡಿಯಲ್ಲಿ, ಅಂದು ಇದ್ದವರನ್ನೆಲ್ಲ ಕೂರಿಸಿ, ಕುರಿ ಬರೆದವರು ಯಾರು ಎಂದು ಹೇಳಬೇಕು. ಸಿದ್ದರಾಮು ಒಪ್ಪಿದ. ಒಪ್ಪಿದಂತೆಯೇ ನಡೆದುಕೊಂಡ. ಮುಂದಿನ ಶುಕ್ರವಾರ ಪೂಜೆಗೆ ಎಲ್ಲರನ್ನೂ ಕರೆದು, ತನ್ನ ಕನಸಿನ ಮಾತು ಸುಳ್ಳು, ಕುರಿ ಬರೆದದ್ದು ಪಾಷಾನ ಮನೆಯವರು, ಅವರ ಮುಸುಕು ತೆಗೆಸಿದ ಪಾಪಕ್ಕೇ ತನಗೆ ಹೀಗಾಯಿತು ಎಂದು ಎದ್ದು ನಿಂತು ಹೇಳಿದ. ಹೇಳುತ್ತಾ ಅತ್ತನಂತೆ. ಸುತ್ತಿದ ಬೀಡಿ ಒಪ್ಪಿಸಲು ಹೋಗಿ ಅಲ್ಲೇ ಇದ್ದ ಬಿಬಿ ಜಾನ್ ರೈಲಿಳಿದವಳೇ ಓಡಿಬಂದು ಹಾಜಿರಾಳಿಗೆ ಎಲ್ಲವನ್ನೂ ವರದಿ ಮಾಡಿದಳು. ಇನ್ನು ಪೂರ್ತಿ ಎಲೆ ಸಿಗುತ್ತದೆ ಎಂಬ ಸಂತೋಷ ಅವಳ ಮುಖದಲ್ಲಿತ್ತು.

ಹಾಜಿರಾಳ ಒಳಗೆ ಏನೂ ಕರಗಲಿಲ್ಲ. ಕರಗುತ್ತದೆ ಎಂದು ಅವಳು ಕಾದು ನೋಡಿದಳು. ಅವನು ಅಳುತ್ತಾ ಹೇಳಿದನೆಂದು ಕೇಳಿದಾಗಲೂ ಕಣ್ಣೆದುರು ಬಂದದ್ದು ಇದ್ದಿಲಿನ ಕುರಿಯನ್ನು ಒರೆಸಿದ ಆ ಕಾಲೇ.

ಆ ವಾರವೇ ಮಾಯಮ್ಮ ಕಂಬಳಿ ಹೊತ್ತು ಬಂದಿದ್ದಳು. ಹಾಜಿರಾ ಅವಳಿಗೆ ಟೀ ಕೊಟ್ಟು, ಕುರಿಗೆ ಕಾಯಿಲೆ ಬಂದರೆ ನಿಮಗೆ ಹೇಗೆ ತಿಳಿಯುತ್ತದೆ ಎಂದು ಕೇಳಿದಳು. ಕಂಡ ತಕ್ಷಣ ತಿಳಿಯುತ್ತದೆ ಎಂದು ಮಾಯಮ್ಮ ವಿವರಿಸಿದಳು. ಕಿವಿ ಜೋತುಬೀಳುತ್ತದೆ, ಕಣ್ಣಿನ ಮೇಲಿನ ರೆಪ್ಪೆ ಅರ್ಧಕ್ಕಿಳಿಯುತ್ತದೆ, ಮುಂಗಾಲು ಅಗಲ ಮಾಡಿ ನಿಲ್ಲುತ್ತದೆ, ಬೆನ್ನು ಮೇಲಕ್ಕೆ ಗೂನಾಗುತ್ತದೆ. ಹೋದ ವರ್ಷ ಮಳವಳ್ಳಿ ಸೀಮೆಯಲ್ಲಿ ಕುರಿಗಳಿಗೆ ಬೇನೆ ಬಂದು ಹಟ್ಟಿ ಹಟ್ಟಿಯೇ ಖಾಲಿಯಾಗಿತ್ತು. ಅದನ್ನು ಹೇಳುವಾಗ ಮಾಯಮ್ಮ ತಾನೇ ಕತ್ತು ಬಗ್ಗಿಸಿ, ಕೈ ಅಗಲಿಸಿ ಕುರಿಯಂತೆ ನಿಂತು ತೋರಿಸಿದಳು.

ಹಾಜಿರಾ ಎರಡು ಅಚ್ಚು ಕೊರೆದಳು. ಒಂದು ಹಳೆಯ ಕುರಿಯೇ, ಮೊದಲಿಗಿಂತ ಚೆನ್ನಾಗಿ. ಇನ್ನೊಂದು ಮಾಯಮ್ಮ ತೋರಿಸಿದ ಕುರಿ. ಎರಡರ ನಡುವೆ ಕೂದಲೆಳೆಯಷ್ಟು ವ್ಯತ್ಯಾಸ. ಪೇಟೆಯವರ ಕಣ್ಣಿಗೆ ಎರಡನೆಯದು ಇನ್ನೂ ಸಾಧುವಾಗಿ, ಮುದ್ದಾಗಿ ಕಾಣುವಂತಿತ್ತು. ಎರಡನ್ನೂ ಒಂದೇ ಥರದ ಬಟ್ಟೆಯಲ್ಲಿ ಸುತ್ತಿ ಗೂಡಿನಲ್ಲಿಟ್ಟಳು. ಸಿದ್ದರಾಮು ಬಂದು ಜಗಲಿಯಲ್ಲಿ ಕೂತಾಗ ಗೂಡಿನ ಮುಂದೆ ಸ್ವಲ್ಪ ಹೊತ್ತು ನಿಂತಿದ್ದಳು. ಹೊರಗೆ ಅವನು, ತನ್ನ ಹೆಂಡತಿ ಅವಳನ್ನು ಹಬ್ಬಕ್ಕೆ ಕರೆಯಲು ಹೇಳಿದ್ದಾಳೆ ಎಂದು ಹೇಳುತ್ತಿದ್ದ. ಅವಳು ಎರಡನೆಯದನ್ನು ತೆಗೆದು ಬಾಗಿಲ ಸಂದಿಯಿಂದ ಚಾಚಿದಳು. ಅವನು ಬಿಚ್ಚಿ ನೋಡಿ, ಜೀವ ಇದ್ದ ಹಾಗಿದೆ ಎಂದು ಕಣ್ಣಿಗೊತ್ತಿಕೊಂಡ.

ಯುದ್ಧಕಾಲ, ಕಾಗದಕ್ಕೆ ಪರ್ಮಿಟ್ಟು. ಸಿದ್ದರಾಮು ಯಾರ ಯಾರ ಕಾಲನ್ನೋ ಹಿಡಿದು, ವರ್ಷಕ್ಕಾಗುವಷ್ಟು ಕಾಗದವನ್ನು ಒಟ್ಟಿಗೆ ಮಂಜೂರು ಮಾಡಿಸಿಕೊಂಡು, ಅಷ್ಟಕ್ಕೂ ಆ ಕುರಿಯನ್ನೇ ಅಚ್ಚು ಹಾಕಿಸಿದ. ಕಟ್ಟುಗಳು ಸಂತೆಗೆ ಹೋದವು. ಕಬ್ಬಿನ ಗಾಡಿಯವರು ಒಂದು ಸಲ ನೋಡಿ ಕೈ ಹಿಂತೆಗೆದರು. ಮಳವಳ್ಳಿ ಕಡೆಯ ಮುದುಕನೊಬ್ಬ ಕಟ್ಟನ್ನು ಕಣ್ಣ ಹತ್ತಿರ ಹಿಡಿದು, "ಬ್ಯಾನೆ ಕುರಿ ಕಣ್ರಲಾ ಇದು, ಮನೆ ಒಳೀಕ್ ತರ್ಬ್ಯಾಡಿ" ಎಂದದ್ದು ಸಂತೆಯಿಂದ ಸಂತೆಗೆ ಹಬ್ಬಿತು. ಕೆಮ್ಮು ಬಂದವರು ಆ ಬೀಡಿಯಿಂದಲೇ ಬಂತು ಎಂದರು. ಮನೆಯಲ್ಲಿ ಕುರಿ ಸತ್ತವನೊಬ್ಬ ಕಟ್ಟು ತಂದು ಸಿದ್ದರಾಮುವಿನ ಅಂಗಡಿಯ ಮುಂದೆ ಎಸೆದು ಹೋದ. ಸಿದ್ದರಾಮುವಿಗೆ ಏನೆಂದು ಅರ್ಥವಾಗಲಿಲ್ಲ. ಅವನು ಪೇಟೆಯಲ್ಲಿ ಹುಟ್ಟಿ ಬೆಳೆದವನು, ಕುರಿಯನ್ನು ಸಾರಿನಲ್ಲಿ ಕಂಡವನು. ಬೇರೆ ಚೀಟಿ ಹಾಕಿಸಲು ಕಾಗದ ಉಳಿದಿರಲಿಲ್ಲ, ಚೀಟಿ ಇಲ್ಲದೆ ಮಾರೋಣವೆಂದರೆ ಅದನ್ನು ಯಾವ ಅಂಗಡಿಯವನೂ ಇಟ್ಟುಕೊಳ್ಳಲಿಲ್ಲ. ಮಳೆಗಾಲದ ಹೊತ್ತಿಗೆ ಸುತ್ತುವವರಿಗೆ ಎಲೆ ಕೊಡುವುದು ಪೂರ್ತಿ ನಿಂತಿತು.

ಬಿಬಿ ಜಾನ್ ಹೊಗೆಸೊಪ್ಪಿನ ಬುಟ್ಟಿ ಬಿಟ್ಟು ಅವರಿವರ ಮನೆಯ ಬಟ್ಟೆ ಒಗೆಯಲು ಹೋದಳು. ರೇಷನ್ನಿನ ರಾಗಿ ಸಾಲದೆ ಹಿರಿಯ ಮಗಳು ಹಬೀಬುನ್ನೀಸಾಳನ್ನು ಹನ್ನೆರಡು ವರ್ಷಕ್ಕೇ, ಇಬ್ಬರು ಹೆಂಡಿರು ಸತ್ತ ಒಬ್ಬ ಸೌದೆ ವ್ಯಾಪಾರಿಗೆ ನಿಕಾಹ್ ಮಾಡಿಕೊಟ್ಟಳು. ಹುಡುಗಿಗೆ ಮೆಹಂದಿ ಹಚ್ಚಿದವಳು ಹಾಜಿರಾ. ಕೈ ತುಂಬ ಬಳ್ಳಿ ಬರೆದಳು. ಯಾರೂ ಅವಳನ್ನು ಏನೂ ಕೇಳಲಿಲ್ಲ, ಅವಳೂ ಹೇಳಲಿಲ್ಲ.

ಹೇಳಿದವಳು ಮಾಯಮ್ಮ, ಅದೂ ಗೊತ್ತಿಲ್ಲದೆ. ಮರುವರ್ಷ ಕಂಬಳಿ ಹೊತ್ತು ಆ ಬೀದಿಗೆ ಬಂದಾಗ ಬಿಬಿ ಜಾನ್ ಒಲೆ ಹಚ್ಚಲು ಇಟ್ಟಿದ್ದ ಹಳೆಯ ಚೀಟಿಗಳನ್ನು ಕಂಡಳು. ಒಂದನ್ನು ಎತ್ತಿ ನೋಡಿ, ಅಯ್ಯೋ ಇದು ನಾನು ಹಾಜಿರಮ್ಮನಿಗೆ ನಿಂತು ತೋರಿಸಿದ ಬೇನೆ ಕುರಿ, ತದ್ರೂಪು ಬರೆದವ್ರೆ ಎಂದು ಮೆಚ್ಚಿಕೊಂಡಳು. ಬಿಬಿ ಜಾನ್ ಅವಳ ಕೈಯಿಂದ ಚೀಟಿ ತೆಗೆದುಕೊಂಡು ಸೀದಾ ಪಕ್ಕದ ಮನೆಗೆ ಬಂದಳು. ಹಾಜಿರಾ ಅಕ್ಕಿ ಆರಿಸುತ್ತಿದ್ದಳು. ಚೀಟಿಯನ್ನು ಮೊರದಲ್ಲಿ ಹಾಕಿ, ಇದು ಬೇಕೆಂದೇ ಮಾಡಿದ್ದಾ ಎಂದು ಬಿಬಿ ಜಾನ್ ಕೇಳಿದಳು. ಹಾಜಿರಾ ಹೌದೆಂದಳು.

"ನಿನ್ನ ಮುಸುಕು ತೆಗೆಸಿದವನು ಅವನು, ಆಪಾ," ಎಂದಳು ಬಿಬಿ ಜಾನ್. ದನಿ ಎತ್ತರಿಸಲಿಲ್ಲ. "ಅವತ್ತು ನಿನ್ನ ಭುಜ ಹಿಡಿದು ಎಬ್ಬಿಸಲು ನೋಡಿದವಳು ನಾನು. ನನ್ನ ಮಗಳು ನಿನಗೆ ಏನು ಮಾಡಿದ್ದಳು?"

ಹಾಜಿರಾ ಎದ್ದು ಅಂದು ಗೂಡಿನಲ್ಲೇ ಉಳಿದಿದ್ದ ಅಚ್ಚನ್ನು ತಂದು ಅವಳ ಮುಂದಿಟ್ಟಳು. ಇದನ್ನೂ ಅದರ ಜೊತೆಗೇ ಕೊರೆದಿದ್ದೆ, ಅವನಿಗೆ ಕೊಡು, ಮತ್ತೆ ನಡೆಯುತ್ತದೆ ಎಂದಳು. ಬಿಬಿ ಜಾನ್ ಅದನ್ನು ಸೆರಗಿನಲ್ಲಿ ಕಟ್ಟಿಕೊಂಡು ಮಂಡ್ಯಕ್ಕೆ ಹೋದಳು. ಸಿದ್ದರಾಮುವಿನ ಅಂಗಡಿಯಲ್ಲಿ ಆಗಲೇ ಬೇರೆಯವರು ಬೆಲ್ಲ ಇಟ್ಟಿದ್ದರು. ಮಹಡಿ ಮನೆಯೂ ಕೈಬಿಟ್ಟುಹೋಗಿತ್ತು. ಹಿಂದಿನ ಬೀದಿಯ ಎರಡು ಕೋಣೆಯ ಬಾಡಿಗೆ ಮನೆಯಲ್ಲಿ ಅವನು ಸಿಕ್ಕಿದ. ಅಚ್ಚನ್ನು ಬೆಳಕಿಗೆ ಹಿಡಿದು ನೋಡಿ, ಇದನ್ನು ಯಾವಾಗ ಕೊರೆದದ್ದು ಎಂದು ಕೇಳಿದ. ಎರಡನ್ನೂ ಒಟ್ಟಿಗೇ ಕೊರೆದಳಂತೆ ಎಂದಳು ಬಿಬಿ ಜಾನ್. ಅವನು ಅಚ್ಚನ್ನು ಮೆಲ್ಲಗೆ ಗೋಡೆಗೆ ಒರಗಿಸಿಟ್ಟು, ಹೆಂಡತಿಯನ್ನು ಕರೆದು ಈ ಅಮ್ಮನಿಗೆ ನೀರು ಕೊಡು ಎಂದು ಹೇಳಿ ಹೊರಗೆ ಹೋದ. ಸಂಜೆಯವರೆಗೆ ಕಾದರೂ ಬರಲಿಲ್ಲ.

ಸುದ್ದಿ ಮಳವಳ್ಳಿಗೂ ಮುಟ್ಟಿತು. ಚಿಕ್ಕಬೋರಯ್ಯನಿಗೆ ಇದರಿಂದ ಲಾಭವೇ ಆಗಿತ್ತು. ಕುರಿ ಬೀಡಿಯ ಗಿರಾಕಿಗಳೆಲ್ಲ ಗಿಣಿ ಬೀಡಿಗೆ ತಿರುಗಿದ್ದರು. ಅವನು ಎಂದಿನಂತೆ ಎಲೆ ಅಡಿಕೆ, ಹಣ್ಣು ತಂದು ಜಗಲಿಯ ಮೇಲೆ ಬೀದಿಗೆ ಮುಖ ಮಾಡಿ ಕೂತ. ಗಿಣಿಯ ಅಚ್ಚು ಸವೆದಿದೆ, ಹೊಸದು ಬೇಕಲ್ಲ ಎಂದು ಹಾಜಿರಾ ಬಾಗಿಲ ಮರೆಯಿಂದ ತಾನಾಗಿ ಕೇಳಿದಳು. ಚಿಕ್ಕಬೋರಯ್ಯ ಬೀದಿಯನ್ನೇ ನೋಡುತ್ತಾ ಹೇಳಿದ.

"ಬ್ಯಾರೆಯವ್ರಿಗೆ ಏಳಿವ್ನಿ ಕಣ್ರವ್ವ. ನಿಮ್ಮಂಗ್ ಬರೆಯೋರು ಈ ಸೀಮೇಲ್ ಇಲ್ಲ, ಅದು ನಂಗ್ ಗೊತ್ತು. ಅದ್ಕೇ ಬ್ಯಾಡ."

ನೀವು ತಪ್ಪೇನು ಮಾಡಿದ್ದೀರಿ, ನಿಮಗೆ ನಾನೇಕೆ ಕೆಟ್ಟದ್ದು ಮಾಡುತ್ತೇನೆ ಎಂದು ಹಾಜಿರಾ ಕೇಳಿದಳು. ತಾನು ಇನ್ನೂ ತಪ್ಪು ಮಾಡಿಲ್ಲ ನಿಜ, ಆದರೆ ವ್ಯಾಪಾರ ಎಂದ ಮೇಲೆ ಎಂದಾದರೂ ಬಾಯಿ ತಪ್ಪಿ ಒಂದು ಮಾತು ಬರುತ್ತದೆ ಎಂದ ಚಿಕ್ಕಬೋರಯ್ಯ. ಅಂದಿನಿಂದ ಚೀಟಿಯಲ್ಲಿ ತನಗೆ ಕಾಣದ್ದು ಏನಿದೆಯೋ ಎಂದು ನೋಡುತ್ತಾ ಕೂರಲು ತನ್ನಿಂದಾಗದು ಎಂದ. ಹಣ್ಣನ್ನು ಹೊಸ್ತಿಲ ಹತ್ತಿರ ಸರಿಸಿ, ಕೈ ಮುಗಿದು ಎದ್ದು ಹೋದ.

ಆಮೇಲೆ ಮೂರು ಊರಿನ ವ್ಯಾಪಾರಿಗಳಲ್ಲಿ ಯಾರೂ ಅವಳ ಬಾಗಿಲಿಗೆ ಬರಲಿಲ್ಲ. ಯಾರೂ ಬೈಯಲೂ ಇಲ್ಲ. ಪಾಷಾನ ಹೆಸರು ಬಂದಾಗ ಮಾತ್ರ, ಅವನಿದ್ದಿದ್ದರೆ ಹೀಗಾಗುತ್ತಿರಲಿಲ್ಲ ಎನ್ನುತ್ತಿದ್ದರು. ಅದು ಸುಳ್ಳಲ್ಲವೆಂದು ಅವಳಿಗೂ ಗೊತ್ತಿತ್ತು.

ನಲವತ್ತೇಳರಲ್ಲಿ, ದೂರದ ನೆಂಟರೊಬ್ಬರ ಕೈಮೂಲಕ, ಅವಳಿಗೆ ಮಂಡ್ಯದ ಹತ್ತಿರದ ಸರ್ಕಾರಿ ಬೇಸಾಯದ ತೋಟ ವಿ.ಸಿ. ಫಾರಂನಿಂದ ಕೆಲಸ ಬಂತು. ಕಬ್ಬಿನ ಪಾತಿಗಳಿಗೆ ನೆಡುವ ತಗಡಿನ ಹಲಗೆಗಳ ಮೇಲೆ ಅಂಕಿ ಬರೆಯಬೇಕು. ತಿಂಗಳಿಗೊಂದು ಗಾಡಿ ಹಲಗೆ ಬರುತ್ತಿತ್ತು, ಬರೆದದ್ದು ಹೋಗುತ್ತಿತ್ತು. ಬಿಳಿಯ ಮೇಲೆ ಕಪ್ಪು ಅಂಕಿ, ಎಲ್ಲವೂ ಒಂದೇ ಅಳತೆ. ಯಾವ ಪಾತಿಯಲ್ಲಿ ಏನು ಬೆಳೆಯುತ್ತದೆ ಎಂದು ಅವಳು ಒಂದು ಸಲ ಗಾಡಿಯವನನ್ನು ಕೇಳಿದಳು. ಅವನಿಗೆ ಗೊತ್ತಿರಲಿಲ್ಲ. ಗೋಡೆಯ ಆಚೆ ಬಿಬಿ ಜಾನ್ ಮಕ್ಕಳಿಗೆ ಉಣ್ಣಲಿಕ್ಕುವ ಸದ್ದು ಕೇಳುತ್ತಿತ್ತು. ಹಾಜಿರಾ ಮುಂದಿನ ಹಲಗೆ ಎತ್ತಿಕೊಂಡಳು.